ನಾಲ್ಕು ತಾಲ್ಲೂಕುಗಳ ಮೇಲಿನ ಆಕಾಶ

ಭರಣಿ, ಕೃತ್ತಿಕೆ ಮಳೆ ಹದವಾಗಿ ಬಿದ್ದರೆ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ನಾಟಿ ಶುರುವಾಗುತ್ತದೆ. ರೈತ ಮೋಡ ನೋಡುವ ಹೊತ್ತಿಗೆ ಸುಮಾರು 36,000 ಕಿ.ಮೀ. ಎತ್ತರದಿಂದ ಇನ್‌ಸ್ಯಾಟ್ ಉಪಗ್ರಹಗಳೂ ಅದೇ ಮೋಡ ನೋಡುತ್ತಿರುತ್ತವೆ. ಅವುಗಳ ಲಗಾಮು ಇರುವುದು ಹಾಸನದ ಸಾಲಗಾಮೆ ರಸ್ತೆಯ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ಕೆ.ಆರ್. ನಗರದಲ್ಲಿ ರೈಲು ಹತ್ತಿ ಹೊಳೆನರಸೀಪುರ ದಾಟಿದರೆ ಸಿಗುವ ಊರು ಅದು.

ರಾಕೆಟ್ಟಿನ ಚರಿತ್ರೆಯನ್ನು ಎರಡು ದೊಡ್ಡ ದೇಶಗಳ ಪೈಪೋಟಿಯ ಕಥೆಯಾಗಿ ಓದಿ ನಮಗೆ ರೂಢಿ. ನಾನು ಅದನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನೆಲದಲ್ಲಿ ನಿಂತು ನೋಡಬಯಸುತ್ತೇನೆ. ಯಾರು ಹಾರಿಸಿದ್ದು ನಮ್ಮ ಹೊಲಕ್ಕೆ, ನಮ್ಮ ಕಾಡಿಗೆ ಒದಗಿತು?

ಮೊದಲ ಅಧ್ಯಾಯಗಳಲ್ಲೊಂದು ನಮ್ಮ ಸೀಮೆಯದೇ. ಮದ್ದಿನ ಬಾಣ ಚೀನಾದಲ್ಲಿ ಬಹಳ ಹಳೆಯದು. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರಿನ ಕುಶಲಕರ್ಮಿಗಳು ಆ ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿದರು. ಕಬ್ಬಿಣ ಒಳಗಿನ ಒತ್ತಡವನ್ನು ತಡೆದುಕೊಳ್ಳುತ್ತದೆ, ಹಾಗಾಗಿ ಮದ್ದನ್ನು ಗಿಡಿದು ತುಂಬಬಹುದು, ಬಾಣ ಇನ್ನಷ್ಟು ದೂರ ಹೋಗುತ್ತದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರು ಅದರ ಪೆಟ್ಟು ತಿಂದರು. 1799ರ ಮಾರ್ಚ್‌ನಲ್ಲಿ ಟಿಪ್ಪು ಪಿರಿಯಾಪಟ್ಟಣದ ಬಳಿ ಬೀಡುಬಿಟ್ಟು, ಕೊಡಗಿನ ಗಡಿಯಲ್ಲಿ ಬಾಂಬೆ ಸೈನ್ಯದ ಮೇಲೆ ಬಿದ್ದು ಹಿಮ್ಮೆಟ್ಟಬೇಕಾಯಿತು. ಮೇ 4ರಂದು ಶ್ರೀರಂಗಪಟ್ಟಣವೇ ಹೋಯಿತು. ಕೈವಶವಾದ ಬಾಣಗಳು ಇಂಗ್ಲೆಂಡ್ ಸೇರಿದವು. ವಿಲಿಯಂ ಕಾಂಗ್ರೀವ್ ಅವನ್ನು ತಿದ್ದಿ ಬೆಳೆಸಿದ, 1807ರಲ್ಲಿ ಕೋಪನ್‌ಹೇಗನ್ ನಗರ ಅವುಗಳಿಂದ ಉರಿಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳುಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು. ಆ ತುಕ್ಕು ಹಿಡಿದ ಕೊಳವೆಗಳನ್ನು ನಮ್ಮ ಮಕ್ಕಳು ಒಮ್ಮೆಯಾದರೂ ನೋಡಬೇಕು.

ಆಮೇಲಿನ ನೂರೈವತ್ತು ವರ್ಷ ನಾವು ಈ ಕಥೆಯಲ್ಲಿಲ್ಲ. 1926ರಲ್ಲಿ ಅಮೆರಿಕದ ಗೊಡ್ಡಾರ್ಡ್ ದ್ರವ ಇಂಧನದ ರಾಕೆಟ್ ಹಾರಿಸಿದರು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟದ ಸ್ಪುಟ್ನಿಕ್, 1961ರಲ್ಲಿ ಗಗಾರಿನ್, 1969ರಲ್ಲಿ ಚಂದ್ರನ ಮೇಲೆ ಆರ್ಮ್‌ಸ್ಟ್ರಾಂಗ್. ಫ್ರಾನ್ಸ್ 1965ರಲ್ಲಿ, ಜಪಾನ್ ಮತ್ತು ಚೀನಾ 1970ರಲ್ಲಿ ಸ್ವಂತ ಉಪಗ್ರಹ ಹಾರಿಸಿದವು.

ಭಾರತದ ಸರದಿ ಬಂದಾಗ ಮುಂದೆ ನಿಂತವರು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. ಪೀಣ್ಯದ ಶೆಡ್ಡುಗಳಲ್ಲಿ ಅವರ ತಂಡ ಕಟ್ಟಿದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹೋಯಿತು. ಸ್ವಂತ ರಾಕೆಟ್ ಎಸ್‌ಎಲ್‌ವಿ-3 ಗೆದ್ದದ್ದು 1980ರ ಜುಲೈ 18ರಂದು.

ಮರುವರ್ಷ ಬಂದ ಆ್ಯಪಲ್ ಉಪಗ್ರಹದ ಚಿತ್ರ ನನಗೆ ಎಂದೂ ಮರೆಯದು. ಆಂಟೆನಾ ಪರೀಕ್ಷೆಗೆ ಲೋಹದ ಗಾಡಿ ಅಡ್ಡಿಯಾಗುತ್ತದೆಂದು ಅದನ್ನು ಎತ್ತಿನ ಗಾಡಿಯ ಮೇಲೆ ಒಯ್ದರು. ಆ ಚಿತ್ರವನ್ನು ಬಡತನದ ಗುರುತೆಂದು ಹಂಚಿಕೊಳ್ಳುವವರಿದ್ದಾರೆ. ಅದು ತಪ್ಪು. ಮರದ ಗಾಡಿ ಅಲ್ಲಿ ಸರಿಯಾದ ಸಲಕರಣೆಯಾಗಿತ್ತು. ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ಎತ್ತುಗಳ ಇಲಾಖೆಯನ್ನು ಬ್ರಿಟಿಷರು ದೀರ್ಘಕಾಲ ನಡೆಸಿದ್ದು ಹುಣಸೂರಿನಿಂದ. ಎತ್ತು ಮತ್ತು ಗಾಡಿಯ ಬೆಲೆ ಬಲ್ಲ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ ದಕ್ಷಿಣ ಅಮೆರಿಕದ ಕೂರೂವಿನಿಂದ ಆ್ಯಪಲ್ಲನ್ನು ಹೊತ್ತೊಯ್ದಿತು.

1982ರಲ್ಲಿ ಹಾಸನದ ಕೇಂದ್ರ ಬಂತು. ಆ ವರ್ಷ ಹಾರಿದ ಇನ್‌ಸ್ಯಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟ್‌ನಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಒಯ್ದ ಇನ್‌ಸ್ಯಾಟ್-1ಬಿ ನಿಂತಿತು. ಟಿವಿ, ದೂರವಾಣಿ, ಮೋಡದ ಚಿತ್ರ ಎಲ್ಲವೂ ಒಂದೇ ಉಪಗ್ರಹದಿಂದ. ಈಗ ಮಳೆಯ ಮುನ್ಸೂಚನೆಗೆ ಆಧಾರವಾಗಿರುವ ಇನ್‌ಸ್ಯಾಟ್-3ಡಿಆರ್ 2016ರಲ್ಲಿ, 3ಡಿಎಸ್ 2024ರ ಫೆಬ್ರುವರಿ 17ರಂದು ನಮ್ಮದೇ ಜಿಎಸ್‌ಎಲ್‌ವಿಯಲ್ಲಿ ಹೋದವು. ಭಾಸ್ಕರ ಉಪಗ್ರಹದ ಕಾಲದಿಂದ ಉಪಗ್ರಹಗಳ ಕಣ್ಣುಗಳನ್ನು ರೂಪಿಸುವುದರಲ್ಲಿ ದುಡಿದ ಎ.ಎಸ್. ಕಿರಣ್ ಕುಮಾರ್ ಹಾಸನ ಜಿಲ್ಲೆಯ ಆಲೂರಿನವರು.

ಎಚ್.ಡಿ. ಕೋಟೆಯ ಕಥೆ ಬೇರೆ. ಫೆಬ್ರುವರಿ, ಮಾರ್ಚ್‌ನಲ್ಲಿ ನಾಗರಹೊಳೆಯ ಲಂಟಾನ ಒಣಗಿ ನಿಂತಾಗ ಕಾಳ್ಗಿಚ್ಚಿನ ಭಯ. ಅಮೆರಿಕ 1999ರಲ್ಲಿ ಹಾರಿಸಿದ ಟೆರ್ರಾ, 2002ರ ಆಕ್ವಾ ಮತ್ತು ನಂತರದ ಉಪಗ್ರಹಗಳು ನೆಲದ ಶಾಖವನ್ನು ಅವಗೆಂಪು ಕಿರಣಗಳಲ್ಲಿ ಗುರುತಿಸುತ್ತವೆ. ಆ ಮಾಹಿತಿಯನ್ನು ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಮುಟ್ಟಿಸುತ್ತದೆ. ಉಪಗ್ರಹ ಬೆಂಕಿಯ ಜಾಗ ತೋರಿಸೀತು, ಹಸಿ ಸೊಪ್ಪಿನಿಂದ ಬಡಿದು ಆರಿಸುವವರು ಹಾಡಿಯ ಜನ, ದಿನಗೂಲಿಯ ಕಾವಲುಗಾರರು. ಅವರನ್ನು ಬಿಟ್ಟು ಬಾಹ್ಯಾಕಾಶದ ಹೆಮ್ಮೆ ಹೇಳುವುದು ನನಗೆ ಒಪ್ಪಿಗೆಯಿಲ್ಲ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ನಾಲ್ಕು ದಿನ ಮುಂಚೆ ರಷ್ಯಾದ ಲೂನಾ-25 ಅಪ್ಪಳಿಸಿತ್ತು, ಮರುವರ್ಷ ಚೀನಾ ಚಂದ್ರನ ಆಚೆ ಮಗ್ಗುಲಿನ ಮಣ್ಣು ತಂದಿತು. ಅಮೆರಿಕದ ಸ್ಪೇಸ್‌ಎಕ್ಸ್ 2015ರಿಂದ ರಾಕೆಟ್ಟನ್ನು ಮರಳಿ ಇಳಿಸಿ ಉಡಾವಣೆಯ ಲೆಕ್ಕಾಚಾರವನ್ನೇ ಬದಲಿಸಿತು. ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ನಮ್ಮ ತಾಲ್ಲೂಕುಗಳ ಮಟ್ಟಿಗೆ ಈಚಿನ ಬಹು ಮುಖ್ಯ ಉಡಾವಣೆ 2025ರ ಜುಲೈ 30ರದು ಎಂಬುದು ನನ್ನ ಅಭಿಪ್ರಾಯ. ನಾಸಾ ಮತ್ತು ಇಸ್ರೊ ಕೂಡಿ ಕಟ್ಟಿದ ನಿಸಾರ್ ಅಂದು ಶ್ರೀಹರಿಕೋಟಾದಿಂದ ಹೊರಟಿತು. ಕ್ಯಾಮೆರಾದ ಉಪಗ್ರಹಕ್ಕೆ ಮುಂಗಾರಿನ ಮೋಡ ಅಡ್ಡ. ನಿಸಾರ್‌ನದು ರಾಡಾರ್, ಮೋಡವನ್ನೂ ಕತ್ತಲನ್ನೂ ತೂರಿ ನೋಡುತ್ತದೆ. 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳಿ ಬಂದು ಮಣ್ಣಿನ ತೇವ, ಬೆಳೆ, ಕಾಡಿನ ಬದಲಾವಣೆ ಅಳೆಯುವುದು ಅದರ ಕೆಲಸ. ಅದರ ಮಾಹಿತಿ ಎಲ್ಲರಿಗೂ ಮುಕ್ತ.

ಮುಕ್ತವಾದದ್ದು ಹೊಲದ ಬದುವಿನವರೆಗೆ ಬರಬೇಕು. ನಮ್ಮ ಹೋಬಳಿಯ ಮಣ್ಣಿನ ತೇವದ ಲೆಕ್ಕವನ್ನು ಕೃಷಿ ಇಲಾಖೆ ಕನ್ನಡದಲ್ಲಿ ಬರೆದು ರೈತ ಸಂಪರ್ಕ ಕೇಂದ್ರದ ಗೋಡೆಗೆ ಹಚ್ಚಲಿ. ಬೀಜ, ಗೊಬ್ಬರಕ್ಕೆ ಹೋದಾಗ ಅದನ್ನೂ ಕೇಳಿ ಪಡೆಯೋಣ.