ಒಂದೇ ಜ್ವರ, ಬ್ಯಾರೆ ಬ್ಯಾರೆ ಮನಿ

ಬೀದರ್‌ನ ಚಿದ್ರಿಯಿಂದ ಮಾತಾಡ್ಲಿಕತ್ತೀನಿ. ಇವತ್ತಿನ ಎಪಿಸೋಡ್ ಎರಡು ಮಹಾಮಾರಿಗಳದ್ದು: 1918ರ ಇನ್‌ಫ್ಲುಯೆಂಜಾ, ಮತ್ತೆ ನಾವೇ ಕಂಡ ಕೊರೊನಾ.

ನಾನು ಬಿ.ಕಾಂ. ಓದಿದಾಂವ, ಮೊದಲು ಲೆಕ್ಕ ನೋಡ್ತೀನಿ. ಆಗ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1911ರ ಜನಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 1 ಕೋಟಿ 33 ಲಕ್ಷ. 1921ರಲ್ಲಿ 1 ಕೋಟಿ 24 ಲಕ್ಷ. ಹತ್ತು ವರ್ಷದಾಗ ಬೆಳೀಬೇಕಾದದ್ದು 9 ಲಕ್ಷ ಕುಗ್ಗಿತು! ಜ್ವರ ಒಂದೇ ಕಾರಣ ಅಲ್ಲ. 1918ರಲ್ಲಿ ಮುಂಗಾರು ಕೈಕೊಟ್ಟಿತ್ತು, ಕಾಳಿನ ಬೆಲೆ ಏರಿತ್ತು. ಹಸಿದ ಮೈಗೆ ಜ್ವರ ಬಂತು. ಅದು 20ರಿಂದ 40ರ ಪ್ರಾಯದವರನ್ನೇ ಹೆಚ್ಚು ಒಯ್ತು. ಅಂದ್ರ ದುಡಿಯೋ ಕೈ, ಕೂಸಿನ ತಾಯಿ. ಜ್ವರ ಹೋದ ಮ್ಯಾಲೂ ಆ ಮನಿಗಳ ಕಷ್ಟ ಹೋಗಿರ್ಲಿಲ್ಲ.

ಈಗ ನಮ್ಮ ಕಾಲಕ್ಕೆ ಬರ್ರಿ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಅಂತ ದಾಖಲಾದದ್ದು ನಮ್ಮ ಪಕ್ಕದ ಕಲಬುರಗಿಯ ಹಿರಿಯರೊಬ್ಬರದ್ದು. ಮರುವರ್ಷ ಎರಡನೇ ಅಲೆಯಾಗ ನಮ್ಮ ಓಣಿಯಲ್ಲೂ ಎರಡು ಮನಿ ಯಜಮಾನರು ಹೋದ್ರು. ಒಬ್ಬ ಅಕ್ಕ ರೊಟ್ಟಿ ಮಾಡಿ ಮಾರ್ಲಿಕ್ಕೆ ಶುರು ಮಾಡಿದ್ರು. ಇನ್ನೊಬ್ಬಾಕಿ ಮನಿ ಬಿಟ್ಟು ಹೊರಗ ಬರ್ಲಿಲ್ಲ. ಓಣಿ ಮಂದಿ ಅಂದದ್ದು: "ಆಕಿ ಗಟ್ಟಿ, ಈಕಿ ಮೆತ್ತಗ."

ನಾನೂ ಹಂಗೇ ಅನ್ಕೊಂಡಿದ್ದೆ. ಪರಿಹಾರದ ಅರ್ಜಿ ತುಂಬಿಕೊಡ್ಲಿಕ್ಕೆ ಹೋದಾಗ ಗೊತ್ತಾತು. ರೊಟ್ಟಿ ಅಕ್ಕನ ಹತ್ರ ಟೆಸ್ಟ್ ರಿಪೋರ್ಟ್ ಇತ್ತು, ತವರು ಬಾಜೂಕೇ ಇತ್ತು. ಇನ್ನೊಬ್ಬಾಕಿ ಗಂಡ ಟೆಸ್ಟ್ ಆಗೋದ್ರೊಳಗ ತೀರಿದ್ದ. ಕಾಗದದಾಗ ಕೊರೊನಾ ಅಂತ ಇಲ್ಲ, 50 ಸಾವಿರ ರೂಪಾಯಿ ಪರಿಹಾರ ಕೇಳೋದು ಹ್ಯಾಂಗ? ಮ್ಯಾಲ ಸಾಲ ಬ್ಯಾರೆ. ಜ್ವರ ಒಂದೇ, ಆದ್ರ ಇಬ್ಬರ ಕೈಯಾಗ ಉಳಿದದ್ದು ಒಂದೇ ಅಲ್ಲ. ಅವರನ್ನ ಗಟ್ಟಿ, ಮೆತ್ತಗ ಅಂತ ಅಳೆಯೋಕೆ ನಾವ್ಯಾರು?

ನಮ್ಮೂರ ಹತ್ರ ಅಷ್ಟೂರಿನಾಗ ಬಹಮನಿ ಸುಲ್ತಾನರ ಗೋರಿಗಳು ಇನ್ನೂ ನಿಂತಾವ. 1918ರ ಮಂದಿಗೆ ಜನಗಣತಿಯ ಒಂದು ಸಾಲಷ್ಟೇ ಉಳೀತು. ನಮ್ಮ ಓಣಿಯವರದ್ದೂ ಹಂಗಾಗೋದು ಬ್ಯಾಡ. ಫೋನ್ ಕೈಯಾಗೇ ಅದ. ನಿಮ್ಮ ಮನ್ಯಾಗ, ಬಾಜೂ ಮನ್ಯಾಗ ಕೂತು ಕೇಳ್ರಿ, ಒಪ್ಪಿದ್ರ ರೆಕಾರ್ಡ್ ಮಾಡ್ರಿ.

ಮುಂದಿನ ವಾರ ಸಿಗೋಣ್ರಿ.