ಗಣಕಜಾಲದ ಹುಳು ಕಲಿಸಿದ ಕ್ರಮ

ಗಣಕಗಳ ಮೇಲೆ ದಾಳಿಯಾದಾಗ ಮೊದಲು ಮಾಡಬೇಕಾದದ್ದು ಏನು? ಜಾಲದ ತಂತಿ ಕೀಳುವುದೇ, ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವುದೇ, ಮೇಲಧಿಕಾರಿಗೆ ತಿಳಿಸುವುದೇ? ಇಂದು ಅನೇಕ ದೊಡ್ಡ ಸಂಸ್ಥೆಗಳು ಈ ಕೆಲಸವನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದ ಕಾರ್ಯಗಳನ್ನು ಮುಂಚಿತವಾಗಿಯೇ ತಂತ್ರಾಂಶಕ್ಕೆ ಒಪ್ಪಿಸಿರುತ್ತವೆ. ಹೀಗೆ ಕ್ರಮ ಗೊತ್ತುಪಡಿಸಬೇಕಾದ ಅಗತ್ಯ ಎದ್ದು ಕಂಡದ್ದು 1988ರ ನವೆಂಬರ್ 2ರ ರಾತ್ರಿ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಅಂದು ತಾನಾಗಿಯೇ ಹರಡುವ ಪ್ರೋಗ್ರಾಮೊಂದನ್ನು ಜಾಲಕ್ಕೆ ಬಿಟ್ಟ. ಇಂಥದಕ್ಕೆ ‘ಹುಳು’ ಎಂದು ಹೆಸರು. ಒಂದು ಗಣಕದಲ್ಲಿ ಆಗಲೇ ಹುಳುವಿದ್ದರೆ ಹೊಸದು ಹಿಂದೆ ಸರಿಯಬೇಕೆಂಬ ಏರ್ಪಾಡು ಅದರಲ್ಲಿತ್ತು. ಆದರೆ 7ರಲ್ಲಿ 1 ಸಲ ಹಟಹಿಡಿದು ಉಳಿಯುವಂತೆಯೂ ಆತ ಬರೆದಿದ್ದ. ಪ್ರತಿಗಳು ಒಂದರ ಮೇಲೊಂದು ಸೇರಿ ಯಂತ್ರಗಳು ಕುಸಿದವು. ಆಗ ಇಂಟರ್‌ನೆಟ್ಟಿನಲ್ಲಿದ್ದ ಗಣಕಗಳು ಸುಮಾರು 60,000. ಸೋಂಕು ತಗುಲಿದವು 6,000 ಎನ್ನುತ್ತಾರೆ. ಇದು ಅಂದಾಜೇ ಹೊರತು ಎಣಿಕೆಯಲ್ಲ.

ಗಣಕ ನೋಡಿಕೊಳ್ಳುವವರು ಆ ರಾತ್ರಿ ಮಾಡಿದ್ದನ್ನು ಗಮನಿಸಬೇಕು. ಕೆಲವರು ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದರು. ಹುಳು ಹೋಯಿತು, ಆದರೆ ಅದು ನುಗ್ಗಿದ ಬಾಗಿಲು ತೆರೆದೇ ಇತ್ತು. ನೆರೆಯ ಗಣಕದಿಂದ ಮತ್ತೆ ಬಂತು. ಇನ್ನು ಕೆಲವರು ಜಾಲದ ಸಂಪರ್ಕವನ್ನೇ ಕಡಿದುಕೊಂಡರು. ಸೋಂಕೇನೋ ತಪ್ಪಿತು; ಆದರೆ ಬರ್ಕ್ಲಿಯಲ್ಲಿ ಹುಳುವನ್ನು ಬಿಡಿಸಿ ನೋಡಿದವರು ಕಳಿಸುತ್ತಿದ್ದ ಮದ್ದು ಅದೇ ಜಾಲದ ಮೂಲಕ ಬರಬೇಕಿತ್ತು! ಹಾರ್ವರ್ಡಿನಿಂದ ಆಂಡಿ ಸಡತ್ ಹೆಸರು ಹೇಳದೆ ಕಳಿಸಿದ ಪರಿಹಾರದ ಸಂದೇಶ ಒಂದು ದಿನಕ್ಕೂ ಮಿಕ್ಕಿ ದಾರಿಯಲ್ಲೇ ಸಿಕ್ಕಿಕೊಂಡಿತ್ತು. ಜಾಣರಿಗೆ ಅಂದು ಕೊರತೆಯಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

ಇದರ ಬೆನ್ನಲ್ಲೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಸರ್ಟ್’ ಎಂಬ ತುರ್ತು ಕೇಂದ್ರ ಆರಂಭವಾಯಿತು. ನಮ್ಮ ದೇಶದ ‘ಸರ್ಟ್-ಇನ್’ ಬಂದದ್ದು 2004ರಲ್ಲಿ. ಅದೇ ವರ್ಷ ಅಮೆರಿಕದ ಮಾನಕ ಸಂಸ್ಥೆ ಹೊರತಂದ ಕೈಪಿಡಿ ಹಂತಗಳನ್ನು ಹೀಗೆ ವಿಂಗಡಿಸಿತು: ಸಿದ್ಧತೆ, ಪತ್ತೆ ಮತ್ತು ವಿಶ್ಲೇಷಣೆ, ತಡೆ, ನಿರ್ಮೂಲನ ಮತ್ತು ಚೇತರಿಕೆ, ಕೊನೆಗೆ ಪರಾಮರ್ಶೆ.

ಅಷ್ಟರಲ್ಲಿ ವೇಗದ ಪ್ರಶ್ನೆ ಎದ್ದಿತ್ತು. 2003ರ ಜನವರಿ 25ರಂದು ಬಂದ ‘ಸ್ಲ್ಯಾಮರ್’ ಹುಳು ಆರಂಭದಲ್ಲಿ ಸುಮಾರು 8.5 ಸೆಕೆಂಡಿಗೊಮ್ಮೆ ಇಮ್ಮಡಿಯಾಯಿತು. ತಾನು ನುಗ್ಗಬಹುದಾಗಿದ್ದ ಗಣಕಗಳಲ್ಲಿ ಶೇಕಡಾ 90ರಷ್ಟನ್ನು ಹತ್ತೇ ನಿಮಿಷದಲ್ಲಿ ಹಿಡಿಯಿತು. ಫೋನ್ ಎತ್ತಿ ಮಾತಾಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದ್ದರಿಂದಲೇ ಯಂತ್ರದ ಕೈಗೆ ಕೆಲಸ.

ಆದರೆ ಎಲ್ಲ ಕೆಲಸವನ್ನೂ ಅಲ್ಲ. ದಾಖಲೆ ಸಂಗ್ರಹಿಸುವುದು, ಸ್ಮೃತಿಯ ಪ್ರತಿ ತೆಗೆಯುವುದು ಇವನ್ನು ತಂತ್ರಾಂಶ ಯಾರನ್ನೂ ಕೇಳದೆ ಮಾಡಬಹುದು. ಸೋಂಕಿತ ಗಣಕವನ್ನು ಬೇರ್ಪಡಿಸುವಾಗ, ಮದ್ದು ಬರಲೆಂದು ನಿಯಂತ್ರಣದ ಒಂದು ದಾರಿಯನ್ನು ತೆರೆದಿಡುವಂತೆ ಹೊಂದಿಸಬಹುದು. ಅದೇ ಗಣಕ ಆಸ್ಪತ್ರೆಯ ತೀವ್ರ ನಿಗಾ ಘಟಕದ್ದಾದರೆ? ಅಲ್ಲಿ ಮನುಷ್ಯನ ಒಪ್ಪಿಗೆಯಿಲ್ಲದೆ ಮುಂದಿನ ಹಂತಕ್ಕೆ ಹೋಗಬಾರದೆಂದು ಮೊದಲೇ ನಮೂದಿಸಬೇಕು. ಒಪ್ಪಿಗೆ ಕೊಡಬೇಕಾದವರು ಸಿಗದಿದ್ದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾರನ್ನು ಕೇಳಬೇಕು ಎಂಬುದನ್ನೂ ಬರೆದಿಡಬೇಕು. ಅವರ ಫೋನ್ ನಂಬರನ್ನು ಮಾತ್ರ ಕಾಗದದ ಮೇಲೆ!