ಪಕ್ಕದ ನಿವೇಶನದಲ್ಲಿ ಕಟ್ಟಡ ಏಳುವಾಗ: ನೆರೆಮನೆಯ ರಕ್ಷಣೆ ಮತ್ತು ದುರಸ್ತಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಮನೆ ಕಟ್ಟುವವನ ಕಷ್ಟವನ್ನು ಹೇಳುತ್ತದೆ. ಅವನ ಪಕ್ಕದ ಮನೆಯವನ ಕಷ್ಟಕ್ಕೆ ಗಾದೆಯಿಲ್ಲ. ಬೆಂಗಳೂರಿನ ಜಯನಗರ, ರಾಜಾಜಿನಗರ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಒಂಟಿ ಮನೆಗಳನ್ನು ಕೆಡವಿ ಬಹುಮಹಡಿ ಕಟ್ಟಡ ಎಬ್ಬಿಸುವ ಕೆಲಸ ವರ್ಷವಿಡೀ ನಡೆದಿರುತ್ತದೆ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು ನಗರಗಳೂ ಇದಕ್ಕೆ ಹೊರತಲ್ಲ. ಕೆಲಸ ಮುಗಿಯುವವರೆಗೆ ನೆರೆಮನೆಯವರ ಪಾಲಿಗೆ ಧೂಳು, ಸದ್ದು, ನಿದ್ದೆಗೇಡು ತಪ್ಪಿದ್ದಲ್ಲ. ಕೆಲವೊಮ್ಮೆ ಗೋಡೆಯೇ ಬಿರುಕು ಬಿಡುತ್ತದೆ.

ನಿರ್ಮಾಣ ಹಂತದ ಕಟ್ಟಡದ ಅಪಾಯ ಕೇವಲ ಊಹೆಯಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಕಟ್ಟಡ ಕುಸಿದು 19 ಮಂದಿ ಸಾವಿಗೀಡಾದರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಬಹುಮಹಡಿ ಕಟ್ಟಡವೊಂದು ನೆಲಕ್ಕುರುಳಿ ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಇಂಥ ಸಂದರ್ಭದಲ್ಲಿ ಮನೆಯವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಬಿರುಕು ಕಂಡೊಡನೆ ಗಾರೆಯವನನ್ನು ಕರೆಸಿ ಮುಚ್ಚಿಸಿ, ಬಣ್ಣ ಬಳಿಸಿಬಿಡುವುದು. ಇದರಿಂದ ಸಾಕ್ಷ್ಯ ಅಳಿಯುತ್ತದೆ. ನೆಲದ ಚಲನೆ ನಿಂತಿರದ ಕಾರಣ ಬಿರುಕು ಮತ್ತೆ ಬಾಯಿಬಿಡುತ್ತದೆ, ಹಣ ಎರಡು ಬಾರಿ ವ್ಯಯವಾಗುತ್ತದೆ. ಮೊದಲು ದಾಖಲೆ, ಅನಂತರ ರಕ್ಷಣೆ, ಕೊನೆಗೆ ದುರಸ್ತಿ ಎಂಬುದೇ ಸರಿಯಾದ ಕ್ರಮ. ಈ ಕ್ರಮಕ್ಕೆ ಒಂದೇ ಒಂದು ಮುಖ್ಯ ಅಪವಾದವಿದ್ದು, ಅದನ್ನು ಮುಂದೆ ವಿವರಿಸಲಾಗಿದೆ.

ಗುದ್ದಲಿ ಪೂಜೆಗೂ ಮುನ್ನ

ಪಕ್ಕದ ಹಳೆಯ ಮನೆ ಕೆಡವುವ ಸುದ್ದಿ ತಿಳಿದ ಕೂಡಲೇ ತಮ್ಮ ಮನೆಯ ಸ್ಥಿತಿಯನ್ನು ದಾಖಲಿಸಿಕೊಳ್ಳಬೇಕು. ಪ್ರತಿ ಕೋಣೆಯ ನಾಲ್ಕೂ ಗೋಡೆ, ಚಾವಣಿ, ನೆಲ, ಕಿಟಕಿ-ಬಾಗಿಲುಗಳ ಮೂಲೆ, ಕಾಂಪೌಂಡ್ ಗೋಡೆ, ತಾರಸಿ, ಸಂಪು ಇವೆಲ್ಲದರ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಡಬೇಕು. ಮೊದಲೇ ಇರುವ ಬಿರುಕುಗಳನ್ನು ಮರೆಮಾಚದೆ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಚಿತ್ರ ತೆಗೆಯುವುದು ಒಳ್ಳೆಯದು. ಹಳೆಯದನ್ನು ಒಪ್ಪಿಕೊಂಡಾಗಲೇ ಹೊಸದರ ಬಗೆಗಿನ ಮಾತಿಗೆ ಬೆಲೆ ಬರುತ್ತದೆ. ಸಾಧ್ಯವಾದರೆ ಸಿವಿಲ್ ಎಂಜಿನಿಯರ್ ಒಬ್ಬರಿಂದ ಪರಿಶೀಲನಾ ವರದಿ ಪಡೆದು, ಅದರ ಒಂದು ಪ್ರತಿಯನ್ನು ಕಟ್ಟಿಸುವವರಿಗೆ ಕೊಟ್ಟು ಸ್ವೀಕೃತಿ ಸಹಿ ಪಡೆಯಬೇಕು.

ಇದೇ ಸಮಯದಲ್ಲಿ ಕಟ್ಟಿಸುವವರೊಂದಿಗೆ ಮಾತುಕತೆ ನಡೆಸಿ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆಸಿಕೊಳ್ಳುವುದು ಉಚಿತ. ಕೆಲಸದ ವೇಳೆ, ಕಾಂಪೌಂಡ್ ಗೋಡೆಯ ಹೊಣೆ, ಹಾನಿಯಾದರೆ ದುರಸ್ತಿಯ ವೆಚ್ಚ, ಸಾರ್ವೆ ಕಟ್ಟಲು ಅನುಮತಿ, ಇಷ್ಟು ಅಂಶಗಳು ಅದರಲ್ಲಿದ್ದರೆ ಸಾಕು. ಕೆಲಸ ಆರಂಭವಾಗುವ ಮುನ್ನ ಇಬ್ಬರಿಗೂ ಪರಸ್ಪರರ ಸಹಕಾರ ಬೇಕಾಗಿರುತ್ತದೆ. ಜಗಳ ಹುಟ್ಟಿದ ಮೇಲೆ ಇಂಥ ಪತ್ರಕ್ಕೆ ಸಹಿ ಬೀಳುವುದು ಕಷ್ಟ.

ಮಂಜೂರಾದ ನಕ್ಷೆಯನ್ನೂ ನೋಡಬೇಕು. ನಿರ್ಮಾಣದ ಅವಧಿಯುದ್ದಕ್ಕೂ ಅನುಮೋದಿತ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿದೆ. ಪ್ರದರ್ಶಿಸದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಗರಪಾಲಿಕೆಗೆ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಎಷ್ಟು ಮಹಡಿ, ನೆಲಮಾಳಿಗೆ ಇದೆಯೇ, ಗಡಿಯಿಂದ ಎಷ್ಟು ಜಾಗ ಬಿಡಬೇಕು ಎಂಬ ಮೂರು ವಿವರಗಳು ನೆರೆಯವರಿಗೆ ಮುಖ್ಯ.

ಪಾಯ ಅಗೆಯುವಾಗ

ನೆರೆಮನೆಗೆ ಅತ್ಯಂತ ಅಪಾಯಕಾರಿಯಾದುದು ಪಾಯ ಅಗೆಯುವ ಹಂತ. ಹಳೆಯ ಮನೆಗಳಲ್ಲಿ ಬಹಳಷ್ಟು ಕಲ್ಲಿನ ಪಾಯದ ಮೇಲೆ ಗೋಡೆಗಳೇ ಭಾರ ಹೊರುವಂತೆ ಕಟ್ಟಿದಂಥವು. ಆ ಪಾಯದ ಕೆಳಗಿನ ಮಣ್ಣು ಅಕ್ಕಪಕ್ಕದ ಮಣ್ಣಿನ ಆಸರೆಯಿಂದ ನಿಂತಿರುತ್ತದೆ. ಪಕ್ಕದಲ್ಲಿ ಅದಕ್ಕಿಂತ ಆಳವಾಗಿ ನೇರ ಕಡಿದರೆ ಆಸರೆ ತಪ್ಪಿ ಮಣ್ಣು ಜಾರುತ್ತದೆ, ಗೋಡೆ ಒಂದು ಕಡೆ ಇಳಿಯುತ್ತದೆ. ಗುಂಡಿಯಲ್ಲಿ ಮಳೆನೀರು ನಿಂತರೆ ಅಪಾಯ ಇಮ್ಮಡಿಯಾಗುತ್ತದೆ.

ಅಗೆತದ ಸುರಕ್ಷತೆಗೆಂದೇ ಇರುವ ಭಾರತೀಯ ಮಾನಕ ಐಎಸ್ 3764ರ ಪ್ರಕಾರ 1.5 ಮೀಟರ್‌ಗಿಂತ ಆಳದ ಕಂದಕಗಳ ಬದಿಗೆ ಹಲಗೆ, ಊರೆಗಳ ಆಸರೆ ಕೊಡಬೇಕು. ಅಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕದೆ ದೂರ ಇಡಬೇಕು. ಜೆಸಿಬಿ ಯಂತ್ರ ಗಡಿಗೋಡೆಯ ಬುಡದವರೆಗೂ ಬಂದು, ಆಸರೆ ಏನೂ ಇಲ್ಲದೆ ಗುಂಡಿ ದಿನಗಟ್ಟಲೆ ತೆರೆದಿದ್ದರೆ ತಡಮಾಡದೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು.

ಮಣ್ಣಿನ ಗುಣವೂ ಊರಿಂದೂರಿಗೆ ಬೇರೆ. ಹುಬ್ಬಳ್ಳಿ-ಧಾರವಾಡದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ, ನೆರೆಯಲ್ಲಿ ಯಾವ ಕೆಲಸ ಇಲ್ಲದಿದ್ದರೂ ಗೋಡೆಗಳಲ್ಲಿ ಬಿರುಕು ಮೂಡಬಹುದು. ಅಲ್ಲಿ ಹಳೆಯ ಸ್ಥಿತಿಯ ದಾಖಲೆ ಇನ್ನಷ್ಟು ಅಗತ್ಯ. ಕರಾವಳಿಯಲ್ಲಿ ಜಂಬಿಟ್ಟಿಗೆ ಮಣ್ಣಿನ ಗುಡ್ಡವನ್ನು ನೇರವಾಗಿ ಕಡಿದಾಗ ಮೇಲಿನ ಮನೆಗೆ ಮಳೆಗಾಲವೇ ಪರೀಕ್ಷೆಯ ಕಾಲ.

ಬಿರುಕನ್ನು ಗಮನಿಸುವ ಬಗೆ

ಎಲ್ಲ ಬಿರುಕುಗಳೂ ಭಯಪಡುವಂಥವಲ್ಲ. ಭಾರತೀಯ ಮಾನಕ ಸಂಸ್ಥೆಯ ಕೈಪಿಡಿ ಎಸ್‌ಪಿ 25 (1984) ಬಿರುಕುಗಳನ್ನು ಅಗಲದ ಮೇಲೆ ವಿಂಗಡಿಸುತ್ತದೆ: 1 ಮಿ.ಮೀ.ಗಿಂತ ಕಡಿಮೆಯಿದ್ದರೆ ತೆಳು, 1ರಿಂದ 2 ಮಿ.ಮೀ. ಮಧ್ಯಮ, 2 ಮಿ.ಮೀ. ಮೀರಿದರೆ ಅಗಲ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಸಾಮಾನ್ಯವಾಗಿ ಗಿಲಾವಿಗಷ್ಟೇ ಸೀಮಿತ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಅಥವಾ ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಸಾಗುವ ಬಿರುಕು ಪಾಯ ಇಳಿದಿರುವುದರ ಲಕ್ಷಣವಾಗಿರಬಹುದು. ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಹಠಾತ್ತನೆ ಬಿಗಿಯಾಗುವುದು, ನೆಲ ಮತ್ತು ಗೋಡೆಯ ನಡುವೆ ಸಂದು ಕಾಣಿಸುವುದು ಕೂಡ ಎಚ್ಚರಿಕೆಯ ಗುರುತುಗಳು.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಹಳೆಯದೂ ಅಗ್ಗದ್ದೂ ಆದ ಉಪಾಯವೊಂದಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು ಎರಡು ತುದಿಗಳನ್ನೂ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಗೋಡೆಗೆ ಅಂಟಿಸಿ ದಿನಾಂಕ ಬರೆಯಬೇಕು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ವಾರಕ್ಕೊಮ್ಮೆ ನೋಡುವುದೂ ಉಪಯುಕ್ತ. ಬಿರುಕು ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ ದಾಖಲೆಗಾಗಿ ಕಾಯದೆ ಮನೆಯವರು ಮೊದಲು ಆ ಭಾಗವನ್ನು ತೆರವು ಮಾಡಿ, ಸ್ಟ್ರಕ್ಚರಲ್ ಎಂಜಿನಿಯರ್ ಅನ್ನು ಕರೆಸಬೇಕು.

ಮನೆಯ ವಿಮೆಯನ್ನು ನೆಚ್ಚಿಕೊಂಡವರು ಷರತ್ತುಗಳನ್ನು ಓದಿಕೊಳ್ಳಬೇಕು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿ ನೆಲ ಕುಸಿತದ ಹಾನಿಯನ್ನು ಒಳಗೊಂಡರೂ, ಕಟ್ಟಡ ನಿರ್ಮಾಣ, ಕೆಡವುವಿಕೆ ಅಥವಾ ಅಗೆತದಿಂದ ಉಂಟಾದ ಕುಸಿತವನ್ನು ಹೊರಗಿಡುತ್ತದೆ.

ಸದ್ದಿಗೆ ತಡೆ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಶಬ್ದದ ಮಿತಿ. 2010ರ ತಿದ್ದುಪಡಿ ವಸತಿ ಪ್ರದೇಶ ಮತ್ತು ನಿಶ್ಶಬ್ದ ವಲಯಗಳಲ್ಲಿ ರಾತ್ರಿ ವೇಳೆ ಸದ್ದು ಮಾಡುವ ನಿರ್ಮಾಣ ಯಂತ್ರಗಳ ಬಳಕೆಯನ್ನೇ ನಿಷೇಧಿಸಿದೆ. ಹೀಗಾಗಿ ನಡುರಾತ್ರಿ ಕಾಂಕ್ರೀಟ್ ಯಂತ್ರ ಗುಡುಗಿದರೆ ಡೆಸಿಬಲ್ ಅಳೆದು ತೋರಿಸಬೇಕಾದ ಪ್ರಮೇಯ ದೂರುದಾರರಿಗಿಲ್ಲ.

ಹಗಲಿನ ಸದ್ದಿಗೆ ಮನೆಯೊಳಗೇ ಪರಿಹಾರ ಹುಡುಕಬೇಕು. ಗಿಲಾವು ಮಾಡಿದ 9 ಅಂಗುಲದ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್‌ನಷ್ಟು ಸದ್ದನ್ನು ತಡೆಯಬಲ್ಲದು. ಆದರೆ ಗೋಡೆಯ ವಿಸ್ತೀರ್ಣದ ಶೇ. 1ರಷ್ಟು ಸಂದು ತೆರೆದಿದ್ದರೂ ಈ ತಡೆ ಸುಮಾರು 20 ಡೆಸಿಬಲ್‌ಗೆ ಇಳಿಯುತ್ತದೆ. ಆದ್ದರಿಂದ ಮೊದಲು ಹಣ ಹಾಕಬೇಕಾದುದು ಕಿಟಕಿ ಚೌಕಟ್ಟಿನ ಸುತ್ತಲಿನ ಸಂದು, ಬಾಗಿಲಿನ ಅಡಿ, ಹಳೆಯ ಗವಾಕ್ಷಿಗಳ ಮೇಲೆ. ರಬ್ಬರ್ ಪಟ್ಟಿ ಮತ್ತು ಸಿಲಿಕೋನ್ ಸೀಲಂಟ್‌ನಿಂದ ಇದು ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಅನಂತರವೂ ಸಾಲದಿದ್ದರೆ, ಇರುವ ಕಿಟಕಿಯ ಒಳಬದಿಗೆ ಸುಮಾರು 10 ಸೆಂ.ಮೀ. ಅಂತರ ಬಿಟ್ಟು ಎರಡನೆಯ ಗಾಜಿನ ಕಿಟಕಿ ಕೂರಿಸಬಹುದು. ಗೋಡೆಗೆ ಅಂಟಿಸುವ ಸ್ಪಂಜು ಹಾಳೆಗಳು ಕೋಣೆಯೊಳಗಿನ ಪ್ರತಿಧ್ವನಿಯನ್ನು ಕುಗ್ಗಿಸುತ್ತವೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಮಕ್ಕಳ ಓದು, ವೃದ್ಧರ ಮಲಗುವ ಕೋಣೆಯನ್ನು ತಾತ್ಕಾಲಿಕವಾಗಿ ಎದುರು ಬದಿಗೆ ಬದಲಾಯಿಸುವುದು ಖರ್ಚಿಲ್ಲದ ಪರಿಹಾರ.

ಧೂಳು ಮತ್ತು ನೀರು

ಧೂಳನ್ನು ಹುಟ್ಟುವಲ್ಲೇ ತಡೆಯುವುದು ಕಟ್ಟಿಸುವವರ ಹೊಣೆ. ಗಾಳಿಯ ಗುಣಮಟ್ಟ ಮಿತಿ ಮೀರಿದ ನಗರಗಳಿಗಾಗಿ ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯು ಕಟ್ಟಡದ ಎತ್ತರದ ಮೂರನೆಯ ಒಂದು ಭಾಗದಷ್ಟು, ಗರಿಷ್ಠ 10 ಮೀಟರ್‌ವರೆಗಿನ ಗಾಳಿತಡೆಯನ್ನು ಕಡ್ಡಾಯಗೊಳಿಸಿದೆ. ಮರಳು, ಮಣ್ಣನ್ನು ಮುಚ್ಚದೆ ಬಿಡುವಂತಿಲ್ಲ, ನೀರು ಸಿಂಪಡಿಸಬೇಕು, ಕಲ್ಲು, ಟೈಲ್ಸ್‌ಗಳನ್ನು ಬಯಲಿನಲ್ಲಿ ಕತ್ತರಿಸುವಂತಿಲ್ಲ. ಗ್ರಾನೈಟ್, ಕಾಂಕ್ರೀಟ್ ಕತ್ತರಿಸುವಾಗ ಏಳುವ ನುಣುಪಾದ ಧೂಳಿನಲ್ಲಿ ಸಿಲಿಕಾ ಇರುವುದರಿಂದ ಅದು ಶ್ವಾಸಕೋಶಕ್ಕೆ ಹಾನಿಕರ. ಆ ಧೂಳನ್ನು ಮೊದಲು ಉಸಿರಾಡುವವರು ನೆರೆಯವರಲ್ಲ, ಅಲ್ಲಿ ದುಡಿಯುವ ಕಾರ್ಮಿಕರು ಎಂಬುದನ್ನೂ ಮರೆಯುವಂತಿಲ್ಲ.

ಮನೆಯೊಳಗೆ ಒಣ ಪೊರಕೆಯಿಂದ ಗುಡಿಸಿದರೆ ಧೂಳು ಮತ್ತೆ ಗಾಳಿಗೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ. ಸಂಪು ಮತ್ತು ತಾರಸಿಯ ಟ್ಯಾಂಕಿನ ಮುಚ್ಚಳಗಳು ಬಿಗಿಯಾಗಿರಬೇಕು. ಗಡಿಯ ಸಮೀಪದ ಸಂಪಿನ ನೀರಿನ ಮಟ್ಟವನ್ನು ರಾತ್ರಿ ಗುರುತು ಹಾಕಿ, ನೀರು ಬಳಸದೆ ಬೆಳಿಗ್ಗೆ ನೋಡಿದರೆ ಸೋರಿಕೆ ತಿಳಿಯುತ್ತದೆ. ಹೊಸ ಕಾಂಕ್ರೀಟ್‌ಗೆ ಕನಿಷ್ಠ ಒಂದು ವಾರವಾದರೂ ನೀರುಣಿಸುವುದರಿಂದ ಆ ನೀರು ಗಡಿಗೋಡೆಗೆ ಇಳಿಯದಂತೆ ಕಾಲುವೆ ಮಾಡಿಸಲು ಕಟ್ಟಿಸುವವರಿಗೆ ಹೇಳಬೇಕು.

ಎರಡು ಗೋಡೆಗಳ ನಡುವಿನ ಸಂದು

ಆರಂಭದಲ್ಲಿ ಹೇಳಿದ ಅಪವಾದ ಇದೇ. ಹೊಸ ಕಟ್ಟಡ ಗಡಿಗೆ ತೀರಾ ಹತ್ತಿರ ಎದ್ದರೆ, ಆ ಬದಿಯ ತಮ್ಮ ಹೊರಗೋಡೆಗೆ ಮುಂದೆಂದೂ ಗಿಲಾವು ಮಾಡಲು, ಬಣ್ಣ ಬಳಿಯಲು ಜಾಗವಿರುವುದಿಲ್ಲ. ಎರಡು ಗೋಡೆಗಳ ನಡುವೆ ಬಿದ್ದ ಮಳೆನೀರು, ಗಾರೆ, ಕಸ ಅಲ್ಲೇ ನಿಂತು ಒಳಗೋಡೆ ವರ್ಷಗಟ್ಟಲೆ ತೇವ ಹೀರುತ್ತದೆ. ಆದ್ದರಿಂದ ಆ ಒಂದು ಗೋಡೆಯ ಹೊರಮೈಯ ಗಿಲಾವು, ಜಲನಿರೋಧಕ ಲೇಪನ ಮತ್ತು ಬಣ್ಣವನ್ನು ಪಕ್ಕದ ಗೋಡೆ ಮೇಲೇಳುವ ಮುನ್ನವೇ, ಛಾಯಾಚಿತ್ರ ತೆಗೆದ ಬಳಿಕ ಮುಗಿಸಬೇಕು. ಕೆಲಸದ ಕೊನೆಯಲ್ಲಿ ಸಂದಿನ ಮೇಲ್ಭಾಗಕ್ಕೆ ತಗಡಿನ ಹೊದಿಕೆ ಹಾಕಿಸುವುದನ್ನು ಮುಚ್ಚಳಿಕೆಯಲ್ಲೇ ಸೇರಿಸುವುದು ಜಾಣತನ.

ದೂರು ಎಲ್ಲಿಗೆ?

ನಕ್ಷೆ ಉಲ್ಲಂಘನೆಯ ದೂರು ನಗರಪಾಲಿಕೆಗೆ ಸಲ್ಲಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ ತಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ತಿಳಿದುಕೊಳ್ಳಬೇಕು. ಇತರ ಮಹಾನಗರಗಳಲ್ಲಿ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 321ನೇ ಕಲಂ ಅಕ್ರಮ ಕಟ್ಟಡ ತೆರವಿಗೆ ಆಯುಕ್ತರಿಗೆ ಅಧಿಕಾರ ನೀಡುತ್ತದೆ. ರಾತ್ರಿಯ ಸದ್ದಿಗೆ 112ಕ್ಕೆ ಕರೆ ಮಾಡಬಹುದು. ಕಟ್ಟುವಾಗ ಅಥವಾ ಕೆಡವುವಾಗ ಜೀವಕ್ಕೆ ಅಪಾಯವಾಗುವಂಥ ನಿರ್ಲಕ್ಷ್ಯ ತೋರುವುದು ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಂ ಅಡಿ ಅಪರಾಧ.

ಪಕ್ಕದ ನೆಲದ ಆಸರೆ ಪಡೆಯುವುದು ಕಾನೂನು ಮಾನ್ಯ ಮಾಡಿದ ಹಕ್ಕು ಎಂಬುದು ಅನೇಕರಿಗೆ ತಿಳಿದಿಲ್ಲ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ ಪ್ರತಿ ಭೂಮಾಲೀಕನ ಸಹಜ ಸ್ಥಿತಿಯ ನೆಲಕ್ಕೆ ಈ ಹಕ್ಕನ್ನು ನೀಡುತ್ತದೆ. ಮೇಲೆ ಕಟ್ಟಡವಿದ್ದು, 20 ವರ್ಷ ನಿರಾತಂಕವಾಗಿ ಆ ಆಸರೆಯನ್ನು ಅನುಭವಿಸಿದ್ದರೆ ಕಟ್ಟಡದ ಭಾರಕ್ಕೂ ಹಕ್ಕು ದೊರೆಯುತ್ತದೆ. ಗುಂಡಿ ಮನೆಗೆ ಅಪಾಯ ತರುವಂತಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೋರಬಹುದು. ಆಗ ನ್ಯಾಯಾಧೀಶರ ಮುಂದೆ ಇಡಬೇಕಾದುದು ಮೊದಲ ದಿನ ತೆಗೆದ ಛಾಯಾಚಿತ್ರಗಳನ್ನೇ.

ದುರಸ್ತಿಗೆ ಸಕಾಲ

ಹೊಸ ಕಟ್ಟಡದ ಎಲ್ಲ ಮಹಡಿಗಳೂ ಎದ್ದು, ಪೂರ್ಣ ಭಾರ ನೆಲಕ್ಕಿಳಿದು, ಮೇಲೆ ಒಂದು ಮಳೆಗಾಲ ಕಳೆದ ಬಳಿಕ ಒಳಗೋಡೆಗಳ ದುರಸ್ತಿಗೆ ಕೈಹಾಕುವುದು ಕ್ಷೇಮ. ಗಾಜಿನ ಪಟ್ಟಿ ಒಡೆಯದೆ ಉಳಿದಿದ್ದರೆ ಚಲನೆ ನಿಂತಿದೆ ಎಂದು ತಿಳಿಯಬಹುದು. ನಿಂತ ಬಿರುಕನ್ನು ಆಂಗ್ಲ 'ವಿ' ಅಕ್ಷರದ ಆಕಾರದಲ್ಲಿ ಕೊರೆದು, ಧೂಳು ತೆಗೆದು, ಪಾಲಿಮರ್ ಬೆರೆತ ಗಾರೆ ತುಂಬಬೇಕು. ಹೆಚ್ಚು ಅಗಲದ್ದಾದರೆ ತಂತಿ ಬಲೆ ಹೊದಿಸಿ ಗಿಲಾವು ಮಾಡಬೇಕು. ತೂಣು, ತೊಲೆಗಳಲ್ಲಿ ಬಿರುಕಿದ್ದರೆ ಅದು ಗಾರೆಯವರ ಕೆಲಸವಲ್ಲ, ಎಂಜಿನಿಯರ್ ಸಲಹೆಯಿಲ್ಲದೆ ಮುಟ್ಟಬಾರದು. ಬಣ್ಣ ಕೊನೆಯ ಕೆಲಸ.

ಕಟ್ಟಡದ ಕೆಲಸ ಒಂದೆರಡು ವರ್ಷಗಳಲ್ಲಿ ಮುಗಿಯುತ್ತದೆ. ಅನಂತರ ಅದೇ ಗೋಡೆಯ ಆಚೆ ವಾಸಕ್ಕೆ ಬರುವವರು ದೀರ್ಘಕಾಲದ ನೆರೆಯವರು. ಮುಂಚಿತ ದಾಖಲೆಯೂ ಲಿಖಿತ ಒಪ್ಪಂದವೂ ಮನೆಯನ್ನು ಉಳಿಸುವುದರ ಜೊತೆಗೆ ಆ ನೆರೆಹೊರೆಯನ್ನೂ ಕೆಡದಂತೆ ಕಾಯುತ್ತವೆ.